ನಡೆಯದ ದುಡ್ಡು

ಮಲ್ಪೆ ಶಾಖೆಯಲ್ಲಿ ಹದಿನೇಳು ವರ್ಷ
ಕ್ಯಾಷಿಗೆ ಕೂತವಳು ನಾನು.
ಕಣ್ಣು ಕಟ್ಟಿ ಒಂದು ಕಂತೆ ಕೈಗಿಡಿ,
ಎಲ್ಲಿಯ ನೋಟೆಂದು ಮೂಗು ಹೇಳುತ್ತದೆ:
ಇದು ಬೋಟಿನ ಡೀಸೆಲು,
ಇದು ಶಂಕರಪುರದ ಮಲ್ಲಿಗೆ,
ಇದು ಮದುವೆ ಕವರಿನೊಳಗೆ ಕೂತು ಕೂತು
ನುಸಿಗುಳಿಗೆಯ ಜೊತೆ ಮುದಿಯಾದದ್ದು.

ಸೇಸಕ್ಕನ ನೋಟು ಮಾತ್ರ ಒದ್ದೆ.
ಬೂತಾಯಿ ಬುಟ್ಟಿಯ ನೀರು, ಸೊಂಟದ ಬೆವರು,
ಕರಗಿದ ಐಸು.
ಎಣಿಸುವ ಯಂತ್ರ ನುಂಗಲಾರದೆ ಕೆಮ್ಮುತ್ತದೆ.
ಬೆರಳಿಗೆ ಸ್ಪಂಜು ಬೇಕಿಲ್ಲ ಆಗ.
ಜೂನಿನಲ್ಲಿ ಬೋಟುಗಳು ದಕ್ಕೆಗೆ ಕಟ್ಟಿಬಿದ್ದರೆ
ಅರವತ್ತೊಂದು ದಿನ
ಅವಳ ನೋಟೂ ಒಣಗಿರುತ್ತದೆ,
ಕಡಿಮೆಯೂ ಇರುತ್ತದೆ.

ನನ್ನ ಹುಚ್ಚು ಶುರುವಾದದ್ದು ಅಲ್ಲಿಂದ.
ಹತ್ತರ ನೋಟೊಂದಕ್ಕೆ ಅಂಟಿ ಒಣಗಿದ್ದ
ಒಂದೇ ಒಂದು ಮೀನಿನ ಹುರುಪೆ:
ದುಂಡಗೆ, ತೆಳ್ಳಗೆ, ಬೆಳ್ಳಿ,
ಯಾವ ಟಂಕಸಾಲೆಯೂ ಒತ್ತದ್ದು.
ನನ್ನ ಪರ್ಸಿನ ಹತ್ತು ಕಂತೆಗಿಟ್ಟು
ಅದನ್ನು ಮನೆಗೆ ತಂದೆ.
ಲೆಕ್ಕ ಸರಿಯಿದೆ, ಬೇಕಾದರೆ ನೋಡಿ.

ಆಮೇಲೆ ಆಲ್ಬಂ ಬಂತು, ಭೂತಗನ್ನಡಿ ಬಂತು,
ಎಲ್ಲಿಂದಲೋ ಎರಡು ತಾಮ್ರದ ಮುಕ್ಕಾಲೂ ಬಂದವು.
ಸೊಸೆಗೆ ಸಹಾಯವೆಂದು ಅತ್ತೆ
ಬಿಂಬುಳಿ ಹಾಕಿ ತಿಕ್ಕಿ ಕೊಟ್ಟರು:
ಹರಿವಾಣದ ಹಾಗೆ ಫಳಫಳ,
ರಾಜನಿಗೆ ಮೂಗಿಲ್ಲ, ಇಸವಿಯಿಲ್ಲ.
"ತೊಳೆಯಬಾರದಿತ್ತು" ಎಂದೆ.
"ಕೊಳೆಯಲ್ಲಾ ಇರುವುದು ನಿಮ್ಮ ಬೆಲೆ?"
ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ತಿಂಗಳ ಎರಡನೇ ಆದಿತ್ಯವಾರ
ಅಜ್ಜರಕಾಡಿನ ಒಂದು ಮಹಡಿಯಲ್ಲಿ ಸೇರುತ್ತೇವೆ
ಹನ್ನೊಂದು ಮಂದಿ, ನಾನೊಬ್ಬಳು ಹೆಂಗಸು.
ಮಡಿಕೆ ಬೀಳದ ನೋಟೇ ಅವರಿಗೆ ನೋಟು,
ಕೈ ಮುಟ್ಟದ ನಾಣ್ಯವೇ ನಾಣ್ಯ.
ನನ್ನ ಹತ್ತನ್ನು ಚಿಮುಟದಲ್ಲೆತ್ತಿ
ದಾಮೋದರ ಶೆಣೈ ಮುಖ ಹಿಂದೆಳೆದರು:
"ಇದು ನೋಟಲ್ಲ ಮೇಡಂ, ಸಾರು."
ಮತ್ತೆ ಅವರೇ, ಉಸಿರು ಹಿಡಿದು,
ಹತ್ತಿಯಲ್ಲಿ ಮಲಗಿದ್ದ ಚಿನ್ನ ತೋರಿಸಿದರು.
ಆಳುಪರದು. ಉದ್ಯಾವರದ ಕಡೆಯದು.
ಕಿರುಬೆರಳ ಉಗುರಿನಷ್ಟು ಅಗಲ,
ಅದರಲ್ಲಿ ಜೋಡಿಮೀನು!
ಭೂತಗನ್ನಡಿ ಬದಿಗಿಟ್ಟು ಮೂಸಿದೆ.
ನೂರಾರು ವರ್ಷ.
ಏನೂ ವಾಸನೆಯಿಲ್ಲ.

ಕಳೆದ ವಾರ ಸೇಸಕ್ಕ ಕೌಂಟರಿನ ಮೇಲೆ
ತೀರಿಹೋದ ತಾಯಿಯ ಎಲೆಯಡಿಕೆ ಚೀಲ ಬಿಚ್ಚಿದಳು.
ಬರೀ ನಾಲ್ಕಾಣೆಗಳು,
ಅರ್ಧದಷ್ಟು ಖಡ್ಗಮೃಗದವು,
ಸುಣ್ಣ ಹತ್ತಿದವು, ಇನ್ನೂರ ಹನ್ನೆರಡು.
"ಉಂದು ನಡಪುಂಡಾ?"
ನಡೆಯುತ್ತದಾ ಇದು?

ನಡೆದವಳು ಅವಳ ತಾಯಿ.
ತಲೆಯ ಮೇಲೆ ಬುಟ್ಟಿ, ಬರಿಗಾಲು,
ಮಲ್ಪೆಯಿಂದ ಕಲ್ಯಾಣಪುರದ ತನಕ ಓಣಿ ಓಣಿ.
ವಾಸನೆಯೆಂದು ಬಸ್ಸಿಗೆ ಹತ್ತಿಸುತ್ತಿರಲಿಲ್ಲವಂತೆ.
ಹತ್ತದ ಬಸ್ಸಿನ ದುಡ್ಡು
ದಿನಕ್ಕೊಂದು ಈ ಚೀಲಕ್ಕೆ.

"ಈಗ ನಡೆಯುವುದಿಲ್ಲ ಸೇಸಕ್ಕ."
ಅಂದವಳು ಕ್ಯಾಷಿಯರು.
ಅವಳ ಬೆನ್ನಿಗೇ ಇನ್ನೊಬ್ಬಳು, ಆಲ್ಬಂನವಳು,
ಗಾಜಿನ ತೂತಿಗೆ ಬಾಯಿಟ್ಟು ಪಿಸುಗುಟ್ಟಿದಳು:
"ಒಂದು ನನಗೆ ಕೊಡು. ನೂರು ರೂಪಾಯಿ."

ಚೀಲದ ಬಾಯಿ ಬಿಗಿಯಿತು.
"ನಡೆಯದ್ದಕ್ಕೆ ನೂರು ಕೊಡುವ ಬ್ಯಾಂಕು
ಎಷ್ಟು ದಿನ ನಡೆದೀತು, ಅಕ್ಕಾ?"

ನಮ್ಮದು ಇನ್ನೊಂದರಲ್ಲಿ ಕರಗಿದ್ದು ಅವಳಿಗೂ ಗೊತ್ತು.
ಹಳೆ ಹೆಸರಿನ ರಬ್ಬರ್ ಸೀಲು
ನನ್ನ ಡ್ರಾವರಿನಲ್ಲಿದೆ, ಶಾಯಿ ಒಣಗಿ.
ಅದನ್ನು ಯಾವ ಪುಟಕ್ಕೆ ಹಾಕಲಿ ತಿಳಿದಿಲ್ಲ.

ಸ್ಲಿಪ್ಪು ತುಂಬಿದೆ: ನಾಲ್ಕು ಸಾವಿರದ ಮುನ್ನೂರು, ಜಮಾ.
ಕೈಯಲ್ಲೇ ಎಣಿಸಿದೆ, ಎರಡು ಸಲ.
ಚೀಲ ಸೊಂಟಕ್ಕೆ ಸಿಕ್ಕಿಸಿ ಅವಳು ಹೊರಟಳು,
ಬಿಸಿಲಿಗೆ, ನಡೆದೇ.

ಆಮೇಲೆ ಕಂಡಿತು
ಹೆಬ್ಬೆರಳಿಗೆ ಅಂಟಿದ್ದ ಒಂದು ಹುರುಪೆ.
ಒರೆಸಲಿಲ್ಲ.
ಮುಂದೆ ನಿಂತವರು ಅಂಬಲಪಾಡಿಯ ಮಾಸ್ಟ್ರು.
ನಾಳೆ ಮದುವೆಯಂತೆ, ಕವರಿಗಂತೆ,
ಹೊಸ ನೋಟೇ ಬೇಕಂತೆ,
ಯಾರೂ ಮುಟ್ಟದ್ದು.